ಪೇಠೆಯ ಹಣ, ಪೇಠೆಯ ತಂಡ: ಕೊಲ್ಹಾಪುರದ ಫುಟ್‌ಬಾಲಿನ ಆರ್ಥಿಕ ಚರಿತ್ರೆ

ಭಾರತದ ಫುಟ್‌ಬಾಲ್ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೋಲ್ಕತ್ತ, ಗೋವಾ, ಕೇರಳ, ಮಣಿಪುರಗಳ ದಾರಿಯನ್ನೇ ಹಿಡಿಯುತ್ತಾರೆ. ಪಂಚಗಂಗೆಯ ದಡದ ಕೊಲ್ಹಾಪುರ ಆ ದಾರಿಯಲ್ಲಿ ಸಿಗುವುದಿಲ್ಲ. ಕನ್ನಡಿಗರಿಗಂತೂ ಅದು ಮಹಾಲಕ್ಷ್ಮಿಯ ಊರು, ಬೆಲ್ಲದ ಪೇಟೆ, ಕುಸ್ತಿಯ ಕಣ. ಆದರೆ ಸುಮಾರು ಐದೂವರೆ ಲಕ್ಷ ಜನರಿರುವ (2011ರ ಜನಗಣತಿ) ಈ ನಗರದಲ್ಲಿ ಹದಿನಾರು ತಂಡಗಳ ಹಿರಿಯರ ಲೀಗ್ ನಡೆಯುತ್ತದೆ, ಅದರ ಪಂದ್ಯಗಳಿಗೆ ಛತ್ರಪತಿ ಶಾಹೂ ಕ್ರೀಡಾಂಗಣದಲ್ಲಿ ಸೇರುವ ಜನಸಂದಣಿಯನ್ನು ಮಹಾನಗರಗಳ ಅನೇಕ ವೃತ್ತಿಪರ ತಂಡಗಳು ಅಸೂಯೆಯಿಂದ ನೋಡಬೇಕಾಗುತ್ತದೆ, ಮತ್ತು ಇಷ್ಟೆಲ್ಲ ಇದ್ದೂ ದೇಶದ ಅಗ್ರ ಪುರುಷರ ಲೀಗಿನಲ್ಲಿ ಊರಿನ ಹೆಸರು ಹೊತ್ತ ಒಂದು ತಂಡವೂ ಇಲ್ಲ. ಕ್ರೀಡಾ ಅರ್ಥಶಾಸ್ತ್ರದಲ್ಲಿ 'ಸಣ್ಣ ಮಾರುಕಟ್ಟೆಯ ತಂಡ' ಎಂಬ ಮಾತೊಂದಿದೆ. ಟಿಕೆಟ್ ಕೊಳ್ಳುವ ಜನಸಂಖ್ಯೆ, ಜಾಹೀರಾತು ಕೊಡುವ ದೊಡ್ಡ ಕಂಪನಿಗಳು, ಪ್ರಸಾರದ ಹಕ್ಕಿಗೆ ಬರುವ ಬೆಲೆ, ಈ ಮೂರೂ ಸೀಮಿತವಾಗಿರುವ ಊರಿನ ವೃತ್ತಿಪರ ತಂಡವನ್ನು ಹಾಗೆ ಕರೆಯುತ್ತಾರೆ. ಅಂಥ ತಂಡ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಕೊಲ್ಹಾಪುರದ ಉತ್ತರ ತುಸು ವಿಚಿತ್ರವಾದದ್ದು: ಇಲ್ಲಿನ ತಂಡಗಳು ಮಾರುಕಟ್ಟೆಗೆ ಹೋಗಲೇ ಇಲ್ಲ. ಅವು ಉಳಿದುಕೊಂಡು ಬಂದದ್ದೂ, ಒಂದು ಮಟ್ಟಕ್ಕಿಂತ ಮೇಲೇರದೆ ನಿಂತದ್ದೂ ಈ ಒಂದೇ ಕಾರಣದಿಂದ ಎಂಬುದು ಅವುಗಳ ಚರಿತ್ರೆಯನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಈ ಚರಿತ್ರೆಯ ಬೇರು ಚೆಂಡಿನಲ್ಲಿಲ್ಲ, ಗರಡಿಯಲ್ಲಿದೆ. 1894ರಲ್ಲಿ ಕೊಲ್ಹಾಪುರ ಸಂಸ್ಥಾನದ ಅಧಿಕಾರ ವಹಿಸಿಕೊಂಡ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಪ್ರಸಿದ್ಧವಾದದ್ದು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ಹೋದ ಅವರು ರೋಮಿನ ಪ್ರಾಚೀನ ವೃತ್ತಾಕಾರದ ರಂಗಸ್ಥಳವನ್ನು ಕಂಡು ಬಂದ ನೆನಪಿನಲ್ಲೇ ಖಾಸಬಾಗಿನ ಕುಸ್ತಿ ಮೈದಾನವನ್ನು ಕಟ್ಟಿಸಿದರೆಂದು ಹೇಳಲಾಗುತ್ತದೆ, ಮತ್ತು ಅದರ ನಿರ್ಮಾಣ 1907ರಿಂದ 1912ರವರೆಗೆ ನಡೆಯಿತು. ಖಾಸಬಾಗಿಗಿಂತ ಹೆಚ್ಚು ದೂರಗಾಮಿಯಾದ ಪರಿಣಾಮ ಬೀರಿದ್ದು ಮಾತ್ರ ನಗರದ ಪೇಠೆ ಪೇಠೆಗಳಲ್ಲಿ, ಅಂದರೆ ಹಳೆಯ ಕೇರಿಗಳಲ್ಲಿ, ಬೇರೂರಿದ ತಾಲೀಮುಗಳು. ತಾಲೀಮು ಎಂಬ ಅರಬ್ಬೀ ಮೂಲದ ಪದಕ್ಕೆ ಶಿಕ್ಷಣ, ಅಭ್ಯಾಸ ಎಂದು ಅರ್ಥ. ಮರಾಠಿಯಲ್ಲಿಯೂ ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಅದು ಗರಡಿಮನೆ. ಆದರೆ ಕೊಲ್ಹಾಪುರದಲ್ಲಿ ತಾಲೀಮು ಕೆಮ್ಮಣ್ಣಿನ ಕಣವಿರುವ ಕಟ್ಟಡವಷ್ಟೇ ಆಗಿ ಉಳಿಯದೆ, ಗಣೇಶೋತ್ಸವವನ್ನು ನಡೆಸುವ, ಓಣಿಯ ಜಗಳವನ್ನು ಬಗೆಹರಿಸುವ, ಹುಡುಗರನ್ನು ಹದ್ದುಬಸ್ತಿನಲ್ಲಿಡುವ ಸಂಸ್ಥೆಯಾಗಿ ಬೆಳೆಯಿತು. ಮನೆತನ, ಜಾತಿ, ಕಸುಬುಗಳಾಚೆ ಒಬ್ಬನನ್ನು ಗುರುತಿಸಲು ಅವನು ಯಾವ ತಾಲೀಮಿನವನು ಎಂದು ಕೇಳುವ ರೂಢಿ ಈ ಊರಿನಲ್ಲಿ ಇಂದಿಗೂ ಇದೆ.

ಫುಟ್‌ಬಾಲ್ ದೇಶೀ ಸಂಸ್ಥಾನಗಳನ್ನು ಪ್ರವೇಶಿಸಿದ್ದು ಸೈನ್ಯ, ರೆಸಿಡೆನ್ಸಿ ಮತ್ತು ಇಂಗ್ಲಿಷ್ ಶಾಲೆಗಳ ಮೂಲಕ. ಸಿಮ್ಲಾದಲ್ಲಿ 1888ರಲ್ಲಿ ಡುರಾಂಡ್ ಕಪ್, ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಆರಂಭವಾದಾಗ ಎರಡೂ ಬ್ರಿಟಿಷ್ ರೆಜಿಮೆಂಟುಗಳ ಆಟಗಳೇ ಆಗಿದ್ದವು, ಮತ್ತು ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವಾಗಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಮಾಡಿದ್ದು 1937ರಷ್ಟು ತಡವಾಗಿ. ಬೇರೆ ಊರುಗಳಲ್ಲಿ ಈ ಆಟ ಕಾಲೇಜು, ಪೊಲೀಸು, ರೈಲ್ವೆ, ಗಿರಣಿಗಳ ಆಶ್ರಯಕ್ಕೆ ಹೋಯಿತು. ಬೆಂಗಳೂರಿನಲ್ಲಿ ಮುಂದೆ ಐ.ಟಿ.ಐ., ಎಚ್.ಎ.ಎಲ್.ಗಳಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಕೊಲ್ಹಾಪುರದಲ್ಲಿ ಹಾಗಾಗಲಿಲ್ಲ. ಇಲ್ಲಿ ಆಟವನ್ನು ಕೈಗೆತ್ತಿಕೊಂಡದ್ದು ತಾಲೀಮುಗಳೇ. ಪಾಟಾಕಡೀಲ್ ತಾಲೀಮು ಮಂಡಳ, ಖಂಡೋಬಾ ತಾಲೀಮು ಮಂಡಳ, ದಿಲ್‌ಬಹಾರ್ ತಾಲೀಮು ಮಂಡಳ, ಬಾಲಗೋಪಾಲ ತಾಲೀಮು ಮಂಡಳ ಎಂಬ ಹೆಸರುಗಳನ್ನು ಕೇಳಿದ ಹೊರಗಿನವನಿಗೆ ಇವು ಕುಸ್ತಿಯ ಮನೆಗಳೆಂದೇ ಅನ್ನಿಸಬೇಕು. ಶಿವಾಜಿ ತರುಣ ಮಂಡಳ, ಸಂಧ್ಯಾಮಠ ತರುಣ ಮಂಡಳ, ಫುಲೇವಾಡಿ ಕ್ರೀಡಾ ಮಂಡಳಗಳು ಅದೇ ಕುಲದವು. ಪ್ರಾಕ್ಟೀಸ್ ಫುಟ್‌ಬಾಲ್ ಕ್ಲಬ್ಬಿನಂಥ ಕೆಲವು ಮಾತ್ರ ಹೆಸರಿನಲ್ಲೇ ಚೆಂಡನ್ನು ಹೇಳುತ್ತವೆ. ಪಾಟಾಕಡೀಲ್ ಎಂದರೆ ಅಕ್ಷರಶಃ 'ಕಾಲುವೆಯ ಕಡೆಯ' ಎಂದರ್ಥ, ಅಂದರೆ ಅದು ತಂಡದ ಹೆಸರಾಗುವ ಮೊದಲು ಒಂದು ಜಾಗದ ಗುರುತಾಗಿತ್ತು. ಇವೆಲ್ಲವನ್ನೂ ಒಂದು ನಿಯಮಾವಳಿಯ ಕೆಳಗೆ ತಂದು ಲೀಗ್ ನಡೆಸುವ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್, ಊರವರ ಬಾಯಲ್ಲಿ ಕೆ.ಎಸ್.ಎ., ರಾಜಮನೆತನದ ಆಶ್ರಯದಲ್ಲಿ ಬೆಳೆದದ್ದು, ಮತ್ತು ಅದರ ಮುಂದಾಳತ್ವ ಇಂದಿಗೂ ಆ ಮನೆತನದಲ್ಲೇ ಇದೆ.

ತಾಲೀಮಿನಿಂದ ಫುಟ್‌ಬಾಲಿಗೆ ಬಂದದ್ದು ಹೆಸರು ಮತ್ತು ಅಭಿಮಾನ ಮಾತ್ರವಾಗಿರದೆ ಒಂದು ಹಣಕಾಸಿನ ಪದ್ಧತಿಯೂ ಆಗಿತ್ತೆಂಬುದು ಇಲ್ಲಿ ಮುಖ್ಯ. ಅದರ ಅಡಿಗಲ್ಲು ವರ್ಗಣಿ, ಅಂದರೆ ಪೇಠೆಯ ಮನೆ ಮತ್ತು ಅಂಗಡಿಗಳಿಂದ ಎತ್ತುವ ವಂತಿಗೆ. ನಮ್ಮ ಕಡೆ 'ಪಟ್ಟಿ ಎತ್ತುವುದು' ಎನ್ನುವುದೂ ಇದನ್ನೇ. ವಂತಿಗೆ ಕೊಡುವವನು ಅದಕ್ಕೆ ಪ್ರತಿಯಾಗಿ ಟಿಕೆಟನ್ನಾಗಲಿ ಲಾಭಾಂಶವನ್ನಾಗಲಿ ನಿರೀಕ್ಷಿಸುವುದಿಲ್ಲ, ಏಕೆಂದರೆ ಅವನು ತನ್ನ ಓಣಿಯ ಮಾನಕ್ಕೆ ಹಣ ಕೊಡುತ್ತಿದ್ದಾನೆ. ಇದರ ಮೇಲೆ ಎರಡನೆಯ ಪದರವಾಗಿ ಪೋಷಕರು ಬರುತ್ತಾರೆ: ಹಿಂದೆ ದರಬಾರು, ಆಮೇಲೆ ಪೇಠೆಯ ವ್ಯಾಪಾರಿಗಳು, ಗುತ್ತಿಗೆದಾರರು, ನಗರಸೇವಕರು. ಮೂರನೆಯದು ಚಷಕದ, ಅಂದರೆ ಕಪ್ ಪಂದ್ಯಾವಳಿಯ, ಬಹುಮಾನ. ಗೇಟಿನ ಹುಟ್ಟುವಳಿ, ಅಂದರೆ ಪ್ರೇಕ್ಷಕರ ಟಿಕೆಟ್ ಹಣ, ಇಂಗ್ಲೆಂಡಿನ ಕ್ಲಬ್ಬುಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಂಪನಿಗಳನ್ನಾಗಿ ಮಾರ್ಪಡಿಸಿದ ಆ ಮೂಲ ಆದಾಯ, ಇಲ್ಲಿ ಸಂಘಟಕರ ಕೈ ಸೇರುವುದೇ ಹೊರತು ತಂಡದ ಜೀವನಾಧಾರ ಎಂದೂ ಆಗಲಿಲ್ಲ. ಆದ್ದರಿಂದ ಮೈದಾನ ತುಂಬಿದ ಮಾತ್ರಕ್ಕೆ ತಂಡ ಶ್ರೀಮಂತವಾಗುವುದಿಲ್ಲ, ಹಾಗೆಯೇ ಪ್ರೇಕ್ಷಕರು ಕಡಿಮೆಯಾದ ಒಂದು ವರ್ಷದಲ್ಲಿ ತಂಡ ಮುಳುಗುವುದೂ ಇಲ್ಲ.

ಈ ಪದ್ಧತಿಯ ಶಕ್ತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ತೋರಿಸುವ ಉದಾಹರಣೆ ಫುಟ್‌ಬಾಲಿನದಲ್ಲ, ಕುಸ್ತಿಯದು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿಗೆ ಹೋದದ್ದು ಕೊಲ್ಹಾಪುರದ ಮಹಾರಾಜರ ಹಣದಿಂದ. 1952ರ ಹೆಲ್ಸಿಂಕಿಗೆ ಹೋಗುವ ಹೊತ್ತಿಗೆ, ಸಂಸ್ಥಾನವು 1949ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಆ ಆಶ್ರಯ ಹಿಂದಿನಂತೆ ಇರಲಿಲ್ಲ. ಆಗ ಊರವರು ವಂತಿಗೆ ಎತ್ತಿದರು, ಜಾಧವ ಓದಿದ್ದ ರಾಜಾರಾಮ್ ಕಾಲೇಜಿನ ಪ್ರಾಚಾರ್ಯ ಖರ್ಡೇಕರ್ ಏಳು ಸಾವಿರ ರೂಪಾಯಿಗೆ ತಮ್ಮ ಮನೆಯನ್ನೇ ಒತ್ತೆ ಇಟ್ಟರೆಂಬುದು ಪ್ರಸಿದ್ಧ ಸಂಗತಿ. ಜಾಧವ ತಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವಾಯಿತು. ಇದನ್ನು ತ್ಯಾಗದ ಕಥೆಯಾಗಿ ಹೇಳುವುದೇ ರೂಢಿ. ಲೆಕ್ಕದ ಪುಸ್ತಕವಾಗಿ ಓದಿದರೆ ಕಾಣುವುದು ಬೇರೆ. ರಾಜಾಶ್ರಯ ಸಡಿಲವಾದ ಮೂರೇ ವರ್ಷಗಳಲ್ಲಿ ಆ ಜಾಗವನ್ನು ತುಂಬಲು ಯಾವ ಸಂಸ್ಥೆಯೂ ಸಿದ್ಧವಾಗಿರಲಿಲ್ಲ, ಮತ್ತು ಒಬ್ಬ ಶಿಕ್ಷಕರ ಮನೆ ಜಾಮೀನಾಗಿ ನಿಲ್ಲಬೇಕಾಯಿತು.

ವಿಲೀನದ ನಂತರದ ದಶಕಗಳಲ್ಲಿ ಜಿಲ್ಲೆಯ ಸಂಪತ್ತಿನ ಸ್ವರೂಪವೇ ಬದಲಾಯಿತು. ಪಂಚಗಂಗಾ, ವಾರಣಾ ಮುಂತಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು, 1963ರಲ್ಲಿ ಸ್ಥಾಪನೆಯಾಗಿ ಮುಂದೆ 'ಗೋಕುಳ' ಎಂದು ಹೆಸರಾದ ಜಿಲ್ಲಾ ಹಾಲು ಉತ್ಪಾದಕರ ಸಂಘ, ನಗರದ ಸುತ್ತ ಹಬ್ಬಿದ ಎರಕದ ಕಾರ್ಖಾನೆಗಳು ಹಳೆಯ ದರಬಾರಿನ ಜಾಗದಲ್ಲಿ ಹೊಸ ಬಲಕೇಂದ್ರಗಳಾದವು. ಈ ಕೇಂದ್ರಗಳಿಂದ ಮೇಲೆದ್ದ ರಾಜಕಾರಣಕ್ಕೆ ನಗರದ ಪೇಠೆಗಳಲ್ಲಿ ಕಾಲೂರಲು ತಾಲೀಮಿಗಿಂತ ಒಳ್ಳೆಯ ಬಾಗಿಲು ಇರಲಿಲ್ಲ. ಮಹಾಪೌರ ಚಷಕ, ಸತೇಜ ಚಷಕ, ಅಟಲ್ ಚಷಕ ಎಂಬ ಪಂದ್ಯಾವಳಿಗಳ ಹೆಸರುಗಳೇ ಈ ಚರಿತ್ರೆಯ ಅರ್ಧವನ್ನು ಹೇಳುತ್ತವೆ: ಒಂದು ನಗರಪಾಲಿಕೆಯ ಪದವಿಯದು, ಒಂದು ಕಾಂಗ್ರೆಸ್ ನಾಯಕನದು, ಇನ್ನೊಂದು ಭಾಜಪದ ಹಿರಿಯರ ನೆನಪಿನದು. ಫುಟ್‌ಬಾಲಿನ ಪೋಷಕರೆಂದು ಹೆಸರಾಗಿದ್ದ ಉದ್ಯಮಿ ಚಂದ್ರಕಾಂತ ಜಾಧವ 2019ರಲ್ಲಿ ಕೊಲ್ಹಾಪುರ ಉತ್ತರ ಕ್ಷೇತ್ರದಿಂದ ಶಾಸಕರಾದದ್ದು, 2021ರಲ್ಲಿ ಅವರು ತೀರಿಕೊಂಡ ಮೇಲೆ 2022ರ ಉಪಚುನಾವಣೆಯಲ್ಲಿ ಅವರ ಪತ್ನಿ ಜಯಶ್ರೀ ಜಾಧವ ಗೆದ್ದದ್ದು, ಮೈದಾನಕ್ಕೂ ಮತಪೆಟ್ಟಿಗೆಗೂ ಇಲ್ಲಿ ಎಷ್ಟು ಕಡಿಮೆ ಅಂತರವಿದೆ ಎಂಬುದಕ್ಕೆ ಸಾಕಷ್ಟು ಸಾಕ್ಷಿ. ಇದನ್ನು ಭ್ರಷ್ಟತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಸಾರದ ಹಣವಿಲ್ಲದ ಊರಿನಲ್ಲಿ ಚೆಂಡು, ಜರ್ಸಿ, ಬಹುಮಾನಗಳ ಖರ್ಚನ್ನು ಭರಿಸಿದ್ದು ಈ ಸಂಬಂಧವೇ ಎಂಬುದನ್ನೂ ಒಪ್ಪಬೇಕು. ಅದರ ದೋಷ ನೈತಿಕವಾದದ್ದಕ್ಕಿಂತ ಹೆಚ್ಚಾಗಿ ಕಾಲಗಣನೆಯದು: ಪೋಷಕನ ಆಸಕ್ತಿ ಚುನಾವಣೆಯ ಪಂಚಾಂಗವನ್ನು ಅನುಸರಿಸುತ್ತದೆ, ಹದಿನಾಲ್ಕು ವರ್ಷದ ಹುಡುಗನೊಬ್ಬ ಆಟಗಾರನಾಗಿ ಮಾಗುವ ಪಂಚಾಂಗ ಬೇರೆ.

ಈ ಶತಮಾನದಲ್ಲಿ ಇದಕ್ಕೆ ಸೇರಿದ ಹೊಸ ಖರ್ಚು ಬಾಡಿಗೆಯ ಆಟಗಾರರದು. ಕೇರಳದ ಮಲಬಾರಿನಲ್ಲಿ ನಡೆಯುವ 'ಸೆವೆನ್ಸ್', ಅಂದರೆ ಏಳೇಳು ಜನರ ಪಂದ್ಯಾವಳಿಗಳಂತೆ, ಕೊಲ್ಹಾಪುರದ ತಾಲೀಮುಗಳೂ ನೈಜೀರಿಯಾ ಮೊದಲಾದ ಆಫ್ರಿಕಾ ದೇಶಗಳ ಆಟಗಾರರನ್ನು ಹಂಗಾಮಿಗೆ ಇಷ್ಟೆಂದು ಹಣ ಕೊಟ್ಟು ಕರೆತರತೊಡಗಿದವು. ಪೇಠೆಯ ಹುಡುಗರೇ ಆಡುತ್ತಿದ್ದಾಗ ತಂಡದ ಸಂಬಳದ ಖರ್ಚು ಹೆಚ್ಚೂಕಡಿಮೆ ಸೊನ್ನೆಯಾಗಿತ್ತು. ಒಂದು ತಾಲೀಮು ಹೊರಗಿನವನನ್ನು ತಂದ ಕೂಡಲೆ ಎದುರಾಳಿ ತಾಲೀಮು ಸುಮ್ಮನಿರಲಾಗದ ಸ್ಥಿತಿ ಬಂದು, ಸ್ಥಳೀಯ ಆಟಗಾರರೂ ಹಂಗಾಮಿನ ನೋಂದಣಿಗೆ ಮೊದಲು ಬೆಲೆ ಕೇಳುವಂತಾಯಿತು. ಹೀಗೆ ಆದಾಯ ಹವ್ಯಾಸಿ ತಂಡದ್ದಾಗಿಯೇ ಉಳಿದು, ಖರ್ಚು ಮಾತ್ರ ವೃತ್ತಿಪರ ತಂಡದ್ದಾಯಿತು. ಬೆಂಬಲಿಗರ ನಡುವಿನ ಘರ್ಷಣೆಗಳಿಂದ ಪಂದ್ಯಗಳು ನಿಲ್ಲುವುದು ಈ ಲೆಕ್ಕದ ಇನ್ನೊಂದು ಬದಿ. ಓಣಿಯ ಮಾನಕ್ಕಾಗಿ ವಂತಿಗೆ ಕೊಟ್ಟವನು ಸೋಲನ್ನು ಮನರಂಜನೆಯ ಭಾಗವೆಂದು ಸ್ವೀಕರಿಸುವುದಿಲ್ಲ, ಮತ್ತು ಯಾವಾಗ ನಿಲ್ಲುವುದೋ ಹೇಳಲಾಗದ ಹಂಗಾಮಿಗೆ ದೊಡ್ಡ ಪ್ರಾಯೋಜಕ ತನ್ನ ಹೆಸರು ಕೊಡುವುದಿಲ್ಲ.

ಜಿಲ್ಲೆಯ ಇನ್ನೆರಡು ಊರುಗಳ ಸಂಗತಿ ಬೇರೆಯೇ. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ಹಾಕಿದಂದಿನಿಂದ ಬೆಳೆದ, ಕನ್ನಡ ಮಾತಾಡುವ ನೇಕಾರರೂ ಸಾಕಷ್ಟಿರುವ ಇಚಲಕರಂಜಿಯಲ್ಲಿ ಹಣ ಸಾವಿರಾರು ಸಣ್ಣ ಮಗ್ಗದ ಮಾಲೀಕರ ಕೈಯಲ್ಲಿ ಹರಡಿಕೊಂಡಿದೆ, ಮತ್ತು ಅದು ನೂಲಿನ ದರದ ಜೊತೆ ಏರಿಳಿಯುವಂಥದ್ದು. ಹಿರಣ್ಯಕೇಶಿಯ ದಡದ ಗಡಹಿಂಗ್ಲಜ ಇದಕ್ಕಿಂತ ತೀರ ಚಿಕ್ಕದು, 2011ರಲ್ಲಿ ಮೂವತ್ತು ಸಾವಿರಕ್ಕೂ ಕಡಿಮೆ ಜನ. ಸಂಕೇಶ್ವರದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಭಾಷೆ ಎಲ್ಲಿ ಬದಲಾಯಿತೆಂದು ಹೇಳುವುದು ಕಷ್ಟ, ತಾಲೂಕಿನ ಅನೇಕ ಹಳ್ಳಿಗಳ ಮನೆಮಾತು ಕನ್ನಡವೇ. ಈ ಪುಟ್ಟ ಊರಿನ ಗಡಹಿಂಗ್ಲಜ ಯುನೈಟೆಡ್ ದೀಪಾವಳಿಯ ಹೊತ್ತಿಗೆ ಎಂ.ಆರ್. ಹೈಸ್ಕೂಲಿನ ಮೈದಾನದಲ್ಲಿ ನಡೆಸುವ ಅಖಿಲ ಭಾರತ ಪಂದ್ಯಾವಳಿಗೆ ಗೋವಾ, ಕೇರಳ, ಬೆಂಗಳೂರುಗಳಿಂದ ತಂಡಗಳು ಬಂದಿವೆ. ಕೊಲ್ಹಾಪುರದ ಪೇಠೆಗಳು ಒಂದನ್ನೊಂದು ಸೋಲಿಸಲು ಹಣ ಕೂಡಿಸಿದರೆ, ಗಡಹಿಂಗ್ಲಜ ಹೊರಗಿನವರ ಆಟವನ್ನು ತನ್ನ ಅಂಗಳಕ್ಕೆ ತಂದು ನೋಡಲು ಹಣ ಕೂಡಿಸುತ್ತದೆ. ವರ್ಷಕ್ಕೊಮ್ಮೆ ಹಬ್ಬದಂತೆ ನಡೆಯುವ ಖರ್ಚು ವರ್ಷವಿಡೀ ತಂಡ ಸಾಕುವ ಖರ್ಚಿಗಿಂತ ಚಿಕ್ಕ ಊರಿನ ಶಕ್ತಿಗೆ ಹೆಚ್ಚು ಒಗ್ಗುತ್ತದೆ ಎಂಬ ವಿವೇಕ ಇದರಲ್ಲಿದೆ.

ಮಾರುಕಟ್ಟೆಯನ್ನು ನಂಬಿದ ಊರಿಗೆ ಏನಾಯಿತೆಂದು ನೋಡಲು ದೂರ ಹೋಗಬೇಕಾಗಿಲ್ಲ. 2011ರಲ್ಲಿ ಮೂವತ್ತೊಂದು ಲಕ್ಷ ಜನರಿದ್ದ, ಅಂದರೆ ಕೊಲ್ಹಾಪುರದ ಐದಾರು ಪಟ್ಟಿನ ಪುಣೆಯಲ್ಲಿ ಹನ್ನೆರಡು ವರ್ಷಗಳೊಳಗೆ ಮೂರು ವೃತ್ತಿಪರ ತಂಡಗಳು ಹುಟ್ಟಿ ಅಳಿದವು. ಅಶೋಕ್ ಪಿರಾಮಲ್ ಸಮೂಹ 2007ರಲ್ಲಿ ಕಟ್ಟಿದ ಪುಣೆ ಎಫ್‌.ಸಿ. 2015ರ ಹಂಗಾಮಿನೊಂದಿಗೆ ಮುಗಿಯಿತು. ಕಲ್ಯಾಣಿ ಸಮೂಹದ ಭಾರತ್ ಎಫ್‌.ಸಿ. ರಾಷ್ಟ್ರೀಯ ಲೀಗಾದ ಐ-ಲೀಗಿನಲ್ಲಿ ಆಡಿದ್ದು ಒಂದೇ ಹಂಗಾಮು. 2014ರಲ್ಲಿ ಇಂಡಿಯನ್ ಸೂಪರ್ ಲೀಗಿನ ಜೊತೆಗೇ ಹುಟ್ಟಿದ ಎಫ್‌.ಸಿ. ಪುಣೆ ಸಿಟಿ 2019ರಲ್ಲಿ ನಿಂತುಹೋಗಿ ಅದರ ಫ್ರಾಂಚೈಸಿ ಹೈದರಾಬಾದಿಗೆ ಹೋಯಿತು. ಫ್ರಾಂಚೈಸಿ ಎಂದರೆ ಲೀಗಿನಲ್ಲಿ ಆಡುವ ಹಕ್ಕನ್ನು ಹಣಕ್ಕೆ ಪಡೆಯುವ ಪರವಾನಗಿ, ಹಾಗಾಗಿ ಅದನ್ನು ಒಂದು ಊರಿನಿಂದ ಕಿತ್ತು ಇನ್ನೊಂದು ಊರಿನಲ್ಲಿ ನೆಡಬಹುದು. ಆ ಹೈದರಾಬಾದ್ ತಂಡ 2021–22ರಲ್ಲಿ ಲೀಗನ್ನು ಗೆದ್ದಿತು, ಗೆದ್ದ ತಂಡದಲ್ಲಿ 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರ ಆಡಿದ್ದ ಕೊಲ್ಹಾಪುರದ ಅನಿಕೇತ್ ಜಾಧವ್ ಇದ್ದರು, ಮತ್ತು 2025ರಲ್ಲಿ ಅದೇ ಪರವಾನಗಿ ಮತ್ತೊಮ್ಮೆ ಕಿತ್ತು ದೆಹಲಿ ಸೇರಿತು. ಈ ಅವಧಿಯಲ್ಲಿ ಕೊಲ್ಹಾಪುರದ ಯಾವ ಹಳೆಯ ತಾಲೀಮೂ ಬೇರೆ ಊರಿಗೆ ಮಾರಾಟವಾಗಲಿಲ್ಲ. ಆಗುವುದೂ ಸಾಧ್ಯವಿಲ್ಲ, ಏಕೆಂದರೆ ಪೇಠೆಯಿಂದ ಬಿಡಿಸಿದ ಮೇಲೆ ಅದರಲ್ಲಿ ಮಾರುವಂಥದ್ದು ಏನೂ ಉಳಿಯುವುದಿಲ್ಲ.

ಹಾಗೆಂದು ಸಣ್ಣ ಊರಿನ ತಂಡ ದೊಡ್ಡ ಲೀಗನ್ನು ಮುಟ್ಟಿಯೇ ಇಲ್ಲವೆಂದಲ್ಲ. ಸುಮಾರು ಇಚಲಕರಂಜಿಯಷ್ಟೇ ಜನರಿರುವ ಐಜಾಲಿನ ತಂಡ 2016–17ರಲ್ಲಿ ಐ-ಲೀಗನ್ನು ಗೆದ್ದಿತು. ಆದರೆ ಗೆದ್ದ ತಂಡವನ್ನು ಸೂಪರ್ ಲೀಗಿಗೆ ಏರಿಸುವ ನಿಯಮವೇ ಆಗ ಇರಲಿಲ್ಲ; ಅದು ಜಾರಿಗೆ ಬಂದದ್ದು 2022–23ರ ಹಂಗಾಮಿನಿಂದ. ಗೆಲುವನ್ನು ಹಣವಾಗಿ ಪರಿವರ್ತಿಸಿಕೊಳ್ಳುವ ಏಣಿ ಇಲ್ಲದಾಗ ಸಣ್ಣ ಊರಿನ ಗೆಲುವು ನೆನಪಾಗಿ ಮಾತ್ರ ಉಳಿಯುತ್ತದೆ. ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ತಂಡಗಳು 2016ರಲ್ಲಿ ಐ-ಲೀಗನ್ನೇ ಬಿಟ್ಟು ಹೊರನಡೆದದ್ದರ ಹಿಂದೆಯೂ ಇದೇ ದೂರು ಇತ್ತು. ಅಗ್ರ ಲೀಗಿನ ವಾಣಿಜ್ಯ ಹಕ್ಕುಗಳ ಹದಿನೈದು ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಲಿದ್ದಾಗ ಹೊಸದಾಗಿ ಕರೆದ ಟೆಂಡರಿಗೆ ಒಬ್ಬನೂ ಬಿಡ್ ಸಲ್ಲಿಸದೆ ಇದ್ದದ್ದು, ದೊಡ್ಡ ಮಾರುಕಟ್ಟೆ ಎಂದು ನಂಬಿದ್ದು ಎಷ್ಟು ತೆಳುವಾಗಿತ್ತೆಂಬುದನ್ನು ಬಯಲುಮಾಡಿತು.

ಹೋಲಿಕೆಗೆ ಹೆಚ್ಚು ಉಪಯುಕ್ತವಾದದ್ದು ಬೇರೊಂದು ಬಗೆಯ ಫುಟ್‌ಬಾಲಿನ, ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಆಟದ, ಒಂದು ತಂಡ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಊರು, ಕೊಲ್ಹಾಪುರದ ಐದನೆಯ ಒಂದು ಭಾಗ. 1919ರಲ್ಲಿ ಹುಟ್ಟಿದ ಅದರ ಪ್ಯಾಕರ್ಸ್ ತಂಡ ದಿವಾಳಿಯ ಅಂಚಿಗೆ ಬಂದಾಗ, 1923ರಲ್ಲಿ ಊರವರೇ ಐದು ಡಾಲರಿಗೊಂದರಂತೆ ಷೇರು ಕೊಂಡು ಅದನ್ನು ಲಾಭರಹಿತ ನಿಗಮವನ್ನಾಗಿ ಮಾಡಿದರು. ಆ ಮೇಲೆ 1935, 1950, 1997, 2011, 2021ರಲ್ಲಿ ಮತ್ತೆ ಷೇರು ಮಾರಲಾಯಿತು. ಈ ಷೇರಿಗೆ ಲಾಭಾಂಶವಿಲ್ಲ, ಪೇಟೆಯಲ್ಲಿ ಮಾರುವಂತಿಲ್ಲ, ಒಬ್ಬನ ಕೈಯಲ್ಲಿ ಎಷ್ಟಿರಬಹುದೆಂಬುದಕ್ಕೆ ಮಿತಿ ಇದೆ. ಇರುವುದು ಮತದ ಹಕ್ಕು ಮಾತ್ರ. ಆರ್ಥಿಕವಾಗಿ ಇದು ವರ್ಗಣಿಯೇ, ಆದರೆ ಕಾಗದದ ಮೇಲೆ ಇಳಿದ ವರ್ಗಣಿ. ಇದರ ಇನ್ನೊಂದು ಕಾಲನ್ನು ಮರೆತು ಪ್ಯಾಕರ್ಸ್ ಕಥೆಯನ್ನು ಹೇಳುವವರು ಅರ್ಧಸತ್ಯ ಹೇಳುತ್ತಾರೆ: ಅಲ್ಲಿನ ಲೀಗು 1960ರ ದಶಕದಿಂದ ರಾಷ್ಟ್ರೀಯ ದೂರದರ್ಶನ ಪ್ರಸಾರದ ಹಣವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತ ಬಂದದ್ದರಿಂದಲೇ ಗ್ರೀನ್ ಬೇ ನ್ಯೂಯಾರ್ಕಿನ ಎದುರು ನಿಲ್ಲಲು ಸಾಧ್ಯವಾಯಿತು.

ಮೊದಲನೆಯ ಕಾಲು, ಅಂದರೆ ಸದಸ್ಯರ ಒಡೆತನ, ಕೊಲ್ಹಾಪುರಕ್ಕೆ ಹೊಸದೇನಲ್ಲ. ಕಬ್ಬು ಮತ್ತು ಹಾಲಿನಲ್ಲಿ ಜಿಲ್ಲೆ ಅದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿ ತೋರಿಸಿದೆ, ಅದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕಂಡಿದೆ. ಆದರೆ ತಾಲೀಮು ಮಂಡಳವು ಸೊಸೈಟಿಯಾಗಿಯೋ ಸಾರ್ವಜನಿಕ ನ್ಯಾಸವಾಗಿಯೋ ನೋಂದಣಿಯಾಗುವ ಸಂಸ್ಥೆ. ರಾಷ್ಟ್ರಮಟ್ಟದ ವೃತ್ತಿಪರ ಲೀಗಿಗೆ ಬೇಕಾದ ಕ್ಲಬ್ ಪರವಾನಗಿ ಪದ್ಧತಿ ಏಷ್ಯಾದ ಫುಟ್‌ಬಾಲ್ ಒಕ್ಕೂಟ ರೂಪಿಸಿದ್ದು. ಅದು ಆಟ, ಮೂಲಸೌಕರ್ಯ, ಸಿಬ್ಬಂದಿ, ಕಾನೂನು, ಹಣಕಾಸು ಎಂಬ ಐದು ನೆಲೆಗಳಲ್ಲಿ ತಂಡವನ್ನು ಅಳೆಯುತ್ತದೆ, ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕಪತ್ರವನ್ನು ಕೇಳುತ್ತದೆ, ಕಿರಿಯರ ತಂಡಗಳನ್ನು ಕಡ್ಡಾಯ ಮಾಡುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಯ ಹಣ, ಅಂದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ ಎರಡರಷ್ಟನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕಾದ ಮೊತ್ತ, ಕ್ರೀಡಾ ತರಬೇತಿಗೂ ಬರಬಹುದು. ಆದರೆ ಅದೂ ಲೆಕ್ಕ ತೋರಿಸುವವರ ಬಾಗಿಲಿಗೆ ಮಾತ್ರ ಬರುತ್ತದೆ. ಗಣಪತಿಯ ಪಟ್ಟಿ, ತಂಡದ ಖರ್ಚು, ತಾಲೀಮಿನ ಕಟ್ಟಡದ ದುರಸ್ತಿ ಎಲ್ಲವೂ ಒಂದೇ ಓಣಿಯ ಜೇಬಿನಿಂದ, ಅದೇ ಕಾರ್ಯಕರ್ತರ ಕೈಯಿಂದ ಹರಿಯುವಲ್ಲಿ ಫುಟ್‌ಬಾಲಿನ ಲೆಕ್ಕವನ್ನು ಬೇರ್ಪಡಿಸುವುದೇ ಮೊದಲ ಕೆಲಸ, ಮತ್ತು ಬಹುಶಃ ಅತ್ಯಂತ ಕಷ್ಟದ ಕೆಲಸ.

ಊರಿನ ಒಟ್ಟು ಹೆಸರಿನಲ್ಲಿ ರಾಷ್ಟ್ರೀಯ ಲೀಗಿಗೆ ಹೋದ ತಂಡವೊಂದು ಇದ್ದದ್ದು ಮಹಿಳೆಯರದು. ಎಫ್‌.ಸಿ. ಕೊಲ್ಹಾಪುರ ಸಿಟಿ 2019ರ ಮೇ ತಿಂಗಳಲ್ಲಿ ಲುಧಿಯಾನದಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗಿನ ಅಂತಿಮ ಸುತ್ತಿನಲ್ಲೂ, 2020ರ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ಮುಂದಿನ ಹಂಗಾಮಿನ ಅಂತಿಮ ಸುತ್ತಿನಲ್ಲೂ ಆಡಿತು. ಪೇಠೆಯ ಹೆಸರಿಲ್ಲದೆ ನಗರದ ಹೆಸರಿನಲ್ಲಿ ತಂಡ ಕಟ್ಟುವುದು ಹೆಣ್ಣುಮಕ್ಕಳ ಆಟದಲ್ಲಿ ಮೊದಲು ಸಾಧ್ಯವಾದದ್ದು ಆಕಸ್ಮಿಕವಿರಲಾರದು. ಗರಡಿಮನೆ ಗಂಡಸರದ್ದಾಗಿತ್ತು, ಆದ್ದರಿಂದ ಓಣಿ ಓಣಿಗಳ ಹಳೆಯ ಹಗೆ ಹೆಣ್ಣುಮಕ್ಕಳ ಆಟಕ್ಕೆ ಬಳುವಳಿಯಾಗಿ ಬರಲಿಲ್ಲ. ಓಣಿಯ ವಂತಿಗೆಯೂ ಬರಲಿಲ್ಲವೆಂಬುದು ಅದರ ಬೆಲೆ.

ಪುರುಷರ ತಂಡಗಳ ವಿಷಯದಲ್ಲಿ ಹದಿನಾರು ಪೇಠೆಗಳ ಅಭಿಮಾನವನ್ನು ಕೂಡಿಸಿ ಒಂದು ನಗರದ ತಂಡ ಕಟ್ಟಬೇಕೆ, ಅಥವಾ ಹದಿನಾರರಲ್ಲಿ ಒಂದು ತಾಲೀಮು ತಾನೇ ಏಣಿ ಹತ್ತಬೇಕೆ ಎಂಬುದು ತೀರ್ಮಾನವಾಗದೆ ಉಳಿದ ಪ್ರಶ್ನೆ. ಎರಡನೆಯದು ನಡೆದರೆ ಉಳಿದ ಹದಿನೈದು ಪೇಠೆಗಳು ಆ ತಂಡವನ್ನು ನೋಡಲು ಬರುವುದು ಅದು ಸೋಲಲಿ ಎಂದೇ. ಮೊದಲನೆಯದಕ್ಕೆ ತಾಲೀಮುಗಳೇ ಷೇರುದಾರರಾಗಬೇಕಾಗುತ್ತದೆ. ಕಬ್ಬು ಬೆಳೆಯುವ ರೈತನ ಪೆಟ್ಟಿಗೆಯಲ್ಲಿ ಸಕ್ಕರೆ ಕಾರ್ಖಾನೆಯ ಷೇರುಪತ್ರ ಇರುತ್ತದೆ, ಅದರ ಬಲದಿಂದ ಅವನು ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುತ್ತಾನೆ. ಅದೇ ರೈತನ ಮಗ ಪೇಠೆಯಲ್ಲಿ ಅಂಗಡಿ ಇಟ್ಟು ತಾಲೀಮಿನ ತಂಡಕ್ಕೆ ವರ್ಷವರ್ಷ ಹಣ ಕೊಟ್ಟರೆ ಅವನ ಕೈಗೆ ಬರುವುದು ಒಂದು ರಸೀದಿ.